ಉರುಳುಗುಂಡಿನ ಕತೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಹದಿನೈದು ದಿನ ಖಾಪರಖೇಡಾದ ಕಾಕಾನ ಮನೆಯಲ್ಲಿದ್ದೆ. ಊರು ನಾಗಪುರದಿಂದ ಉತ್ತರಕ್ಕೆ, ಸುಮಾರು 20 ಕಿಲೋಮೀಟರ್ ದೂರ. 210 ಮೆಗಾವಾಟ್‌ನ ನಾಲ್ಕು ಘಟಕ, 500ರದ್ದು ಒಂದು, ಒಟ್ಟು 1340 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವೇ ಇಲ್ಲಿನ ಗುರುತು. ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ಹೆಸರಿಗೆ ಮಹಾರಾಷ್ಟ್ರ, ಮನೆಯೊಳಗೆ ಕನ್ನಡ. ಕಾಕಾ 1988ರಲ್ಲಿ ಆಗಿನ ವಿದ್ಯುತ್ ಮಂಡಳಿಗೆ ಸೇರಿ ಇಲ್ಲಿಗೆ ಬಂದ. ಮರುವರ್ಷ ಮೊದಲ ಘಟಕ ಶುರುವಾಯಿತು. ಅಂದಿನಿಂದ ನಿವೃತ್ತಿಯವರೆಗೆ ಕಂಟ್ರೋಲ್ ರೂಮಿನ ಪಾಳಿ ಕೆಲಸ. ಊರಿಗೆ ವಾಪಸ್ ಹೋಗುತ್ತೇನೆ ಎಂದು ಪ್ರತಿ ದೀಪಾವಳಿಗೆ ಹೇಳುತ್ತಾನೆ, ಹೋಗುವುದಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಸಂಬಂಧ ನೆನಪಿಸಿಕೊಂಡು ಅಂತ ಹೇಳಿದರೆ ಸುಳ್ಳಾದೀತು. ನನ್ನ ಬಲಗೈ ಕೈಕೊಟ್ಟಿತ್ತು. ಇಪ್ಪತ್ತೆರಡು ವರ್ಷ ಕಂಪ್ಯೂಟರ್ ಮುಂದೆ ಕೂತ ಕೈ ಅದು. ಮೊದಲು ಮಣಿಕಟ್ಟು ಉಳುಕಿದ ಹಾಗೆ, ಆಮೇಲೆ ಮುಂಗೈ ಉದ್ದಕ್ಕೂ ಉರಿ, ಕಡೆಗೆ ತುಂಬಿದ ಚಹಾದ ಕಪ್ಪು ಎತ್ತುವಾಗ ಎಡಗೈ ಆಸರೆ ಬೇಕಾಯಿತು. ಮೂವತ್ತು ಜನರ ತಂಡ ನೋಡಿಕೊಳ್ಳುವವನು ನಾನು. ತಂಡದ ಯಾರಿಗೂ ಹೇಳಲಿಲ್ಲ, ಮೇಲಿನವರಿಗಂತೂ ಇಲ್ಲವೇ ಇಲ್ಲ. ನಲವತ್ತೈದರ ಮ್ಯಾನೇಜರಿಗೆ ಕೈನೋವು ಅಂದರೆ ಜನ ಕೈಯನ್ನಲ್ಲ, ವಯಸ್ಸನ್ನು ನೋಡುತ್ತಾರೆ. ಮನೆಯಿಂದ ಕೆಲಸ ಮಾಡುತ್ತೇನೆಂದು ಹೇಳಿ, ಊರು ಬದಲಾದರೆ ಕೈಯೂ ಸುಧಾರಿಸೀತು ಎಂಬ ಹುಚ್ಚು ನಂಬಿಕೆಯಲ್ಲಿ ಬ್ಯಾಗು ಕಟ್ಟಿದ್ದೆ. ಬ್ಯಾಗಿನಲ್ಲಿ ಹೊಸದಾಗಿ ಕೊಂಡ ಟ್ರ್ಯಾಕ್‌ಬಾಲ್ ಇತ್ತು. ಮೌಸ್‌ನಂತೆ ಇದನ್ನು ಸರಿಸುವುದಿಲ್ಲ. ಇದು ಕೂತಲ್ಲೇ ಕೂತಿರುತ್ತದೆ, ಮೇಲಿರುವ ಗುಂಡನ್ನು ಮಾತ್ರ ಬೆರಳಿನಿಂದ ಉರುಳಿಸಬೇಕು.

ಮೊದಲ ದಿನವೇ ಕಾಕಾ ಹಿಂದೆ ಬಂದು ನಿಂತ. "ಏನಪಾ ತಮ್ಮಾ, ಗೋಟಿ ಆಡಕೋತ ಕುಂತೀಯಲ್ಲ?" ನಾನು ವಿವರಿಸಲು ಹೊರಟೆ. ಅವನು ಕೈ ಅಡ್ಡ ಮಾಡಿದ. "ನನಗ ಹೇಳಬ್ಯಾಡ. ಟ್ರೇನಿಂಗಿಗೆ ಹೋದಾಗ ನಾ ಈ ಚಂಡು ಉಳ್ಳಿಸೀನಿ. ಟೇಬಲ್‌ನ್ಯಾಗ ಹುಗದ ಬಿಟ್ಟಿದ್ರು. ನಿಮ್ಮ ಮೌಸು ಆಮ್ಯಾಲೆ ಬಂತು."

ಎಂಟೆಕ್ ಮಾಡಿದ ನನಗೆ ಈ ಕ್ರಮ ಗೊತ್ತಿರಲಿಲ್ಲ. ಮೌಸ್ ಮೊದಲು, ಟ್ರ್ಯಾಕ್‌ಬಾಲ್ ಅದರ ಸುಧಾರಿತ ಅವತಾರ ಅಂತಲೇ ತಿಳಿದಿದ್ದೆ. ರಾತ್ರಿ ಕೂತು ಓದುತ್ತಾ ಹೋದೆ. ಕಾಕಾ ಹೇಳಿದ್ದೇ ಸರಿ.

ಕತೆ ಶುರುವಾಗುವುದು ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಬ್ರಿಟಿಷ್ ನೌಕಾಪಡೆಯಲ್ಲಿ. ರಾಲ್ಫ್ ಬೆಂಜಮಿನ್ ಹುಟ್ಟಿದ್ದು 1922ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಯಹೂದಿ ಹುಡುಗ, ಯುದ್ಧಕ್ಕೆ ಮುಂಚೆ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವನು. ರಾಡಾರ್ ಪರದೆಯ ಮೇಲೆ ಚುಕ್ಕೆಗಳಾಗಿ ಕಾಣುವ ವಿಮಾನಗಳ ಜಾಡು ಹಿಡಿದು, ಮುಂದೆ ಎಲ್ಲಿ ಹೋಗುತ್ತವೆಂದು ಲೆಕ್ಕ ಹಾಕುವ ವ್ಯವಸ್ಥೆಯೊಂದನ್ನು ಆತ ಕಟ್ಟುತ್ತಿದ್ದ. ಚುಕ್ಕೆಯ ಮೇಲೆ ಗುರುತು ಕೂಡಿಸಲು ಜಾಯ್‌ಸ್ಟಿಕ್ ಇತ್ತು, ಆದರೆ ಆತನಿಗೆ ಅದು ಹಿಡಿಸಲಿಲ್ಲ. 1946ರಲ್ಲಿ ಬೇರೆ ಉಪಾಯ ಹೂಡಿದ: ಲೋಹದ ಒಂದು ಗುಂಡು, ಅದಕ್ಕೆ ತಾಗಿದಂತೆ ರಬ್ಬರ್ ಹೊದಿಸಿದ ಎರಡು ಗಾಲಿ. ಗುಂಡು ಎತ್ತ ಉರುಳಿದರೂ ಒಂದು ಗಾಲಿ ಅಡ್ಡ ಚಲನೆಯನ್ನು ಅಳೆಯುತ್ತದೆ, ಇನ್ನೊಂದು ಉದ್ದ ಚಲನೆಯನ್ನು. ಓರೆಯಾಗಿ ಉರುಳಿದರೆ ಎರಡೂ ತಮ್ಮ ತಮ್ಮ ಪಾಲು ತಿರುಗುತ್ತವೆ. ಆತ ಇಟ್ಟ ಹೆಸರು ರೋಲರ್ ಬಾಲ್. 1947ರಲ್ಲಿ ಪೇಟೆಂಟ್ ಆಯಿತು, ಮಿಲಿಟರಿ ಗುಟ್ಟಾದ್ದರಿಂದ ಕಪಾಟು ಸೇರಿತು. ವಿಮಾನದ ಜಾಡು, ಅಂದರೆ ಟ್ರ್ಯಾಕ್ ಹಿಡಿಯುವ ಈ ಕೆಲಸದಿಂದಲೇ ಮುಂದೆ ಟ್ರ್ಯಾಕ್‌ಬಾಲ್ ಎಂಬ ಹೆಸರು ನಿಂತಿತು.

ಐದಾರು ವರ್ಷಕ್ಕೆ ಅದೇ ಯೋಚನೆ ಅಟ್ಲಾಂಟಿಕ್‌ನ ಆಚೆಗೆ ತಲೆ ಎತ್ತಿತು. ಕೆನಡಾದ ನೌಕಾಪಡೆಗಾಗಿ ಫೆರಾಂಟಿ ಕೆನಡಾ ಕಂಪನಿ ಡೇಟಾರ್ ಎಂಬ ವ್ಯವಸ್ಥೆ ಕಟ್ಟುತ್ತಿತ್ತು. ಹಡಗುಗಳು ತಮ್ಮ ತಮ್ಮ ರಾಡಾರ್ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಬೇಕು ಎಂಬುದು ಗುರಿ. ಟಾಮ್ ಕ್ರಾನ್‌ಸ್ಟನ್, ಫ್ರೆಡ್ ಲಾಂಗ್‌ಸ್ಟಾಫ್, ಕೆನ್ಯನ್ ಟೇಲರ್ ಎಂಬ ಎಂಜಿನಿಯರುಗಳಿಗೆ ಒಂದು ದುಂಡನೆಯ, ನುಣುಪಾದ, ಗಟ್ಟಿ ಗುಂಡು ಬೇಕಾಗಿತ್ತು. ಅವರು ಕೈಹಾಕಿದ್ದು ಆಟದ ಸಾಮಾನಿಗೆ. ಕೆನಡಾದಲ್ಲಿ ಐದು ಪಿನ್ನುಗಳ ಬೌಲಿಂಗ್ ಆಟವೊಂದಿದೆ. ಅದರ ಚೆಂಡು ಸಣ್ಣದು, ಬೆರಳು ತೂರಿಸುವ ತೂತು ಇಲ್ಲ. ಅದನ್ನೇ ತಂದು ಕೂಡಿಸಿದರು. 1953ರಲ್ಲಿ ಒಂಟಾರಿಯೋ ಸರೋವರದಲ್ಲಿ ಹಡಗುಗಳ ಮೇಲೆ ಪ್ರಯೋಗ ನಡೆಯಿತು, ಕೆಲಸವೂ ಮಾಡಿತು. ಖರ್ಚು ಹೆಚ್ಚಾಗಿ ಯೋಜನೆ ಅಲ್ಲಿಗೇ ನಿಂತಿತು. ಪ್ರಾಜೆಕ್ಟ್ ಮ್ಯಾನೇಜರಾಗಿ ಈ ಸಾಲು ಓದಿದಾಗ ನಿಟ್ಟುಸಿರು ಬಂತು.

ಹಡಗಿನಲ್ಲಿ ಗುಂಡೇ ಯಾಕೆ? ತೂಗಾಡುವ ಮೇಜಿನ ಮೇಲೆ ಬಿಡಿ ಸಾಮಾನು ಜಾರುತ್ತದೆ. ಗುಂಡು ಮೇಜಿನಲ್ಲೇ ಹುದುಗಿರುತ್ತದೆ, ಕೈ ಬಿಟ್ಟರೂ ಗುರುತು ಇದ್ದಲ್ಲೇ ಇರುತ್ತದೆ, ಜಾಗವೂ ಅಂಗೈಯಗಲ ಸಾಕು. ಇದೇ ಕಾರಣಕ್ಕೆ ಅದು ಇವತ್ತಿಗೂ ರಾಡಾರ್ ಮೇಜುಗಳಲ್ಲಿ, ಕಾರ್ಖಾನೆಗಳ ಕಂಟ್ರೋಲ್ ರೂಮುಗಳಲ್ಲಿ ಉಳಿದಿದೆ. ಅಷ್ಟು ದೂರ ಯಾಕೆ, ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಲ್ಟ್ರಾಸೌಂಡ್ ಮಾಡುವ ವೈದ್ಯರ ಕೈ ನೆನಪಿಸಿಕೊಳ್ಳಿ. ಒಂದು ಕೈಯಲ್ಲಿ ಪ್ರೋಬ್, ಇನ್ನೊಂದು ಕೈ ಯಂತ್ರದ ಮೇಲಿನ ಗುಂಡು ಉರುಳಿಸುತ್ತಿರುತ್ತದೆ. ನಿಮ್ಮ ಮಗುವಿನ ತಲೆಯ ಸುತ್ತಳತೆಯನ್ನು ಮೊದಲು ಅಳೆದದ್ದು ಬಹುಶಃ ಒಂದು ಟ್ರ್ಯಾಕ್‌ಬಾಲ್.

ಇನ್ನು ಮೌಸ್. ಅಮೆರಿಕದ ಎಸ್‌ಆರ್‌ಐ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರ ಹೊತ್ತಿಗೆ ಮಾಡಿಕೊಟ್ಟ ಮರದ ಡಬ್ಬಿಯಲ್ಲಿ ಗುಂಡೇ ಇರಲಿಲ್ಲ, ಎರಡು ಚಕ್ರ ನೇರವಾಗಿ ಮೇಜಿನ ಮೇಲೆ ಉರುಳುತ್ತಿದ್ದವು. 1968ರ ಡಿಸೆಂಬರ್ 9ರಂದು ಎಂಗೆಲ್‌ಬಾರ್ಟ್ ಅದನ್ನು ಲೋಕಕ್ಕೆ ತೋರಿಸಿದ. ಆದರೆ ಅದಕ್ಕೆ ಎರಡು ತಿಂಗಳು ಮುಂಚೆ, ಅಕ್ಟೋಬರ್ 2ರಂದು, ಜರ್ಮನಿಯ ಟೆಲಿಫುಂಕನ್ ಕಂಪನಿ ತನ್ನ ಕಂಪ್ಯೂಟರಿನ ಜೊತೆ ಒಂದು ರೋಲ್‌ಕೂಗೆಲ್ ಪ್ರಕಟಿಸಿತ್ತು. ಹೆಸರಿನ ಅರ್ಥವೇ ಉರುಳುಗುಂಡು. ಅದರ ಹಿಂದಿದ್ದ ರೈನರ್ ಮಾಲೆಬ್ರೈನ್ ಅದಕ್ಕೂ ಮೊದಲು ವಿಮಾನ ಸಂಚಾರ ನಿಯಂತ್ರಣದ ಮೇಜುಗಳಿಗೆ ಟ್ರ್ಯಾಕ್‌ಬಾಲ್ ಮಾಡಿದ್ದವನು. ಹೊಸ ಕಂಪ್ಯೂಟರಿಗಾಗಿ ಮೇಜು ಕೊರೆಯುವ ಬದಲು ಆ ಗುಂಡನ್ನೇ ಬೋರಲು ಹಾಕಿದರೆ ಹೇಗೆ ಎಂದು ಯೋಚಿಸಿದ. ನಾವೆಲ್ಲ 90ರ ದಶಕದಲ್ಲಿ ಹೊಟ್ಟೆ ತೆರೆದು ಕಸ ಕೆರೆದ ಗುಂಡಿನ ಮೌಸ್, ನಿಜ ಹೇಳಬೇಕೆಂದರೆ, ಬೋರಲು ಬಿದ್ದ ಟ್ರ್ಯಾಕ್‌ಬಾಲ್.

ಆಮೇಲಿನದು ಏಳುಬೀಳಿನ ಕತೆ. 1980ರಲ್ಲಿ ಅಟಾರಿಯ ಮಿಸೈಲ್ ಕಮಾಂಡ್ ಆಟ ಬಂತು. ಆಕಾಶದಿಂದ ಬೀಳುವ ಕ್ಷಿಪಣಿಗಳಿಂದ ನಗರಗಳನ್ನು ಕಾಯಬೇಕು, ಕೈಗೆ ಸಿಗುವುದು ಒಂದು ಗುಂಡು. ನೌಕಾಪಡೆಯ ಗುಟ್ಟು ಮಕ್ಕಳ ಆಟವಾಯಿತು. 1991ರ ಆಪಲ್ ಪವರ್‌ಬುಕ್‌ನಲ್ಲಿ ಕೀಬೋರ್ಡಿನ ಮುಂದೆ, ನಟ್ಟನಡುವೆ ಗುಂಡು ಕೂತಿತು, 1994ರಲ್ಲಿ ಟಚ್‌ಪ್ಯಾಡ್ ಬಂದು ಅದನ್ನು ಎಬ್ಬಿಸಿತು. 2006ರಲ್ಲಿ ಬ್ಲ್ಯಾಕ್‌ಬೆರಿ ಪರ್ಲ್ ಫೋನಿನಲ್ಲಿ ಮುತ್ತಿನಷ್ಟು ಗಾತ್ರದ ಗುಂಡು. ಅಂಥದ್ದೊಂದು ನನ್ನ ಕೈಯಲ್ಲೂ ಇತ್ತು, ಎಣ್ಣೆ ಕೈ ತಾಗಿ ಮೇಲಕ್ಕೆ ಹೋಗುತ್ತಿತ್ತು, ಕೆಳಕ್ಕೆ ಬರುತ್ತಿರಲಿಲ್ಲ. ಮೇಜಿನ ಮೇಲೆ ಮಾತ್ರ ಗುಂಡು ಅಳಿಯಲಿಲ್ಲ. 1995ರಲ್ಲಿ ಲಾಜಿಟೆಕ್ ಟ್ರ್ಯಾಕ್‌ಮ್ಯಾನ್ ಮಾರ್ಬಲ್ ಬಂದಾಗ ಒಳಗಿನ ಗಾಲಿಗಳೇ ಹೋದವು. ಗುಂಡಿನ ಮೇಲೆ ಚುಕ್ಕೆಗಳು, ಕೆಳಗೆ ಅವುಗಳ ಓಟ ನೋಡುವ ಒಂದು ಬೆಳಕಿನ ಕಣ್ಣು.

ಕೈನೋವಿಗೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದ. 1713ರ ಆವೃತ್ತಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರನ್ನೂ ಸೇರಿಸಿದ. ಆತ ಕಂಡ ಕಾರಣ ಮೂರು: ಸದಾ ಕೂತಿರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾದೀತೆಂಬ ಮನಸ್ಸಿನ ಒತ್ತಡ. ಲೇಖನಿ ತೆಗೆದು ಮೌಸ್ ಇಡಿ, ನನ್ನ ದಿನಚರಿಯೇ. ಇದರಲ್ಲಿ ಸಾಧನದಿಂದ ಬದಲಾಗುವುದು ಎರಡನೆಯದು ಮಾತ್ರ. ಉಳಿದೆರಡು ಅಂಗಡಿಯಲ್ಲಿ ಸಿಗುವುದಿಲ್ಲ.

ಇಷ್ಟು ಓದಿದ ಮೇಲೆ ನನ್ನ ಟ್ರ್ಯಾಕ್‌ಬಾಲನ್ನು ಬೇರೆ ಕಣ್ಣಿನಿಂದ ನೋಡಿದೆ. ನಾನು ಕೊಂಡಿದ್ದು ಹೆಬ್ಬೆರಳಿನಿಂದ ಉರುಳಿಸುವ ಬಗೆ. ಆಕಾರ ಮೌಸಿನಂತೆಯೇ, ಪಕ್ಕದಲ್ಲಿ 34 ಮಿಲಿಮೀಟರಿನ ಸಣ್ಣ ಗುಂಡು. ಒಂದು ದಿನದಲ್ಲಿ ರೂಢಿಯಾಗುತ್ತದೆ, ಬೇಗ ಮಾರಾಟವಾಗುವುದೂ ಅದಕ್ಕೇ. ಆದರೆ ದಿನವಿಡೀ ಮಣಿಕಟ್ಟು ಮಾಡುತ್ತಿದ್ದ ಕೆಲಸ ಈಗ ಒಂಟಿ ಹೆಬ್ಬೆರಳ ಪಾಲಿಗೆ. ಹೆಬ್ಬೆರಳ ಬುಡದ ಸ್ನಾಯುರಜ್ಜು ಮೊದಲೇ ಮೊಬೈಲ್ ಉಜ್ಜಿ ದಣಿದಿರುತ್ತದೆ, ಅಲ್ಲಿ ನೋವಿದ್ದವರು ಇದರ ಹತ್ತಿರ ಹೋಗಬಾರದು. ನನಗೆ ಎಂಟನೇ ದಿನಕ್ಕೆ ಅದೇ ಆಯಿತು. ಇನ್ನೊಂದು ಬಗೆಯಲ್ಲಿ ಗುಂಡು ನಡುವೆ, 55 ಮಿಲಿಮೀಟರಿನವರೆಗೂ ದೊಡ್ಡದು, ಎರಡು ಮೂರು ಬೆರಳು ಸೇರಿ ಉರುಳಿಸುವುದು. ಭಾರ ಹಂಚಿಹೋಗುತ್ತದೆ, ಗುರಿಯೂ ನಿಖರ. ಎರಡೂ ಬದಿ ಒಂದೇ ಆಕಾರವಿದ್ದರೆ ಎಡಗೈಗೂ ಒಗ್ಗುತ್ತದೆ. ಕೊಳ್ಳುವ ಮುಂಚೆ ಮೂರು ಸಂಗತಿ ನೋಡಿ: ಗುಂಡಿನ ಮೇಲೆ ಬೆರಳಿಟ್ಟಾಗ ಮಣಿಕಟ್ಟು ಹಿಂದಕ್ಕೆ ಮಡಿಯುತ್ತದೆಯೇ, ಒತ್ತುವ ಗುಂಡಿಗಳಿಗೆ ಬೆರಳು ಚಾಚಬೇಕಾಗುತ್ತದೆಯೇ, ಸರಿ ಬರದಿದ್ದರೆ ಹಿಂತಿರುಗಿಸಬಹುದೇ. ಕೈಗೆ ತಕ್ಕ ಬಳೆ ಅನ್ನುವ ಹಾಗೆ ಇದು. ಬೇರೆಯವರ ಹೊಗಳಿಕೆ ನೋಡಿ ಕೊಳ್ಳುವಂಥದ್ದಲ್ಲ.

ನಾಲ್ಕನೇ ದಿನಕ್ಕೇ ಗುಂಡು ತಡವರಿಸತೊಡಗಿತ್ತು. ಬೇಸಿಗೆ, ಬೆವರು, ಕಿಟಕಿಯಿಂದ ಬರುವ ನುಣ್ಣನೆ ಧೂಳು. ಬಾಣ ಪರದೆಯ ಮೇಲೆ ಹೆಜ್ಜೆ ತಪ್ಪಿದ ಕುಡುಕನ ಹಾಗೆ ಹೋಗುತ್ತಿತ್ತು. ಹಾಳಾಯಿತೆಂದು ಹೊಸದಕ್ಕೆ ಆರ್ಡರ್ ಮಾಡುವವನಿದ್ದೆ. ಕಾಕಾ ಇಸಿದುಕೊಂಡ. ಬೋರಲು ಹಾಕಿ, ತಳದ ತೂತಿನೊಳಗೆ ಪೆನ್ಸಿಲ್ ತೂರಿಸಿ ಒತ್ತಿದ. ಗುಂಡು ಟಪ್ಪನೆ ಅಂಗೈಗೆ ಬಿತ್ತು.

"ನೋಡಿಲ್ಲಿ." ಬಟ್ಟಲಿನೊಳಗೆ ಸಾಸಿವೆಗಿಂತ ಸಣ್ಣ ಮೂರು ಮಣಿ. ಗುಂಡು ನಿಲ್ಲುವುದು ಆ ಮೂರರ ಮೇಲೆ. ಒಂದೊಂದರ ಸುತ್ತಲೂ ಬೂದು ಬಣ್ಣದ ಮಣ್ಣು ಗೂಡು ಕಟ್ಟಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ, ಒಣಗಿದ್ದರಿಂದಲೇ, ಅವನ್ನು ತಿರುವಿ ತೆಗೆದ. ಬೆಳಕಿನ ಕಣ್ಣಿನ ಕಿಂಡಿಯನ್ನು ಊದಿ, ಮೆಲ್ಲಗೆ ಒರೆಸಿದ. ಗುಂಡನ್ನು ಹಳೆಯ ಮೆತ್ತನೆ ಪಂಚೆಯಿಂದ ಉಜ್ಜಿದ. ನಾನು ಥಿನ್ನರ್ ಕೇಳಿದ್ದಕ್ಕೆ ಬೈದ. "ಮ್ಯಾಲಿನ ನುಣುಪು ಹೊಕ್ಕೈತಿ. ಭಾಳ ಜಿಡ್ಡಿದ್ರ ಸಾಬಾಣ ನೀರು ಸಾಕು, ಒಣಗಿಸಿ ಹಾಕು." ಆಮೇಲೆ ಗುಂಡನ್ನು ತನ್ನ ಮೂಗಿನ ಪಕ್ಕಕ್ಕೆ ಒಮ್ಮೆ ಸವರಿ ಬಟ್ಟಲಿಗಿಟ್ಟ. ಚರ್ಮದ ಚೂರು ಎಣ್ಣೆ ತಾಗಿದರೆ ಸಲೀಸಾಗಿ ಉರುಳುತ್ತದೆ. ಇದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ, ಆದರೆ ಬಳಸುವವರಿಗೆಲ್ಲ ಗೊತ್ತು. ಅಗ್ಗದವುಗಳಲ್ಲಿ ಆ ಮಣಿಗಳು ಉಕ್ಕಿನವು, ಸವೆಯುತ್ತವೆ. ಒಳ್ಳೆಯವುಗಳಲ್ಲಿ ಕೃತಕ ಮಾಣಿಕ್ಯ ಇಲ್ಲವೇ ಗಟ್ಟಿ ಪಿಂಗಾಣಿ. ವಾರಕ್ಕೊಮ್ಮೆ ಎರಡು ನಿಮಿಷ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಮುಗಿಸಿ ಎದ್ದವನು ಬಲಭುಜ ಹಿಡಿದುಕೊಂಡ. ಆಗ ಕಾಕೂ ಅಡುಗೆಮನೆಯಿಂದ ಹೇಳಿದಳು, "ಹನ್ನೆರಡು ವರ್ಸಾತು, ಆ ಕೈ ಮ್ಯಾಲೆತ್ತಿಲ್ಲ. ಪಾಳಿಯೊಳಗ ಒಬ್ಬರಿಗೂ ಹೇಳಲಿಲ್ಲ, ಕುರ್ಚೆ ಬದಲಿ ಮಾಡ್ತಾರಂತ." ಕಾಕಾ ಏನೂ ಆಡಲಿಲ್ಲ. ಚಹಾ ಕುಡಿದೆವು. ಅವನು ಎಡಗೈಯಲ್ಲಿ ಕಪ್ಪು ಹಿಡಿದಿದ್ದ. ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನನ್ನ ಕಪ್ಪೂ ಎಡಗೈಯಲ್ಲಿತ್ತು.

ಬೆಂಗಳೂರಿಗೆ ಬಂದ ಮೇಲೆ ಮೊದಲ ಸೋಮವಾರದ ಮೀಟಿಂಗಿನಲ್ಲಿ ನನ್ನ ಕೈಯ ವಿಷಯ ಹೇಳಿದೆ. ಯಾರೂ ನಗಲಿಲ್ಲ. ಮಧ್ಯಾಹ್ನದೊಳಗೆ ತಂಡದ ಮೂವರು ಒಬ್ಬೊಬ್ಬರಾಗಿ ಬಂದು, ಬಾಗಿಲು ಮುಂದೆ ಮಾಡಿ, ತಮ್ಮ ಮಣಿಕಟ್ಟು ತೋರಿಸಿದರು. ಅವರಲ್ಲಿ ಒಬ್ಬಳಿಗೆ ಇಪ್ಪತ್ತಾರು ವರ್ಷ. ಈಗ ನಮ್ಮ ಯೋಜನಾಪಟ್ಟಿಯಲ್ಲಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ಖಾಲಿ ಇರುತ್ತದೆ. ಆ ಹೊತ್ತಿಗೆ ಯಾರೂ ಮೀಟಿಂಗ್ ಇಡುವಂತಿಲ್ಲ. ನನ್ನ ನೋವು ಪೂರ್ತಿ ಹೋಗಿಲ್ಲ. ಫಿಸಿಯೋಥೆರಪಿ ನಡೆದಿದೆ, ಅರ್ಧ ಕೆಲಸ ಎಡಗೈ ಕಲಿತಿದೆ. ಮೇಜಿನ ಮೇಲೆ ದೊಡ್ಡ ಗುಂಡಿನ ಟ್ರ್ಯಾಕ್‌ಬಾಲ್ ಇದೆ. ಹೆಬ್ಬೆರಳಿನದನ್ನು ಕೊರಿಯರ್ ಮಾಡಿ ಖಾಪರಖೇಡಾಕ್ಕೆ ಕಳಿಸಿದೆ. ಕಾಕಾ ಅದರಲ್ಲಿ ಇಸ್ಪೀಟು ಆಡುತ್ತಾನಂತೆ, ವಾರಕ್ಕೊಮ್ಮೆ ಗುಂಡು ಬಿಚ್ಚಿ ಒರೆಸುತ್ತಾನಂತೆ. ಫೋನಿನಲ್ಲಿ ಮೊದಲು ಕೇಳುವುದು ಒಂದೇ: "ತಮ್ಮಾ, ಚಂಡು ತೊಳದ್ಯೋ ಇಲ್ಲೋ?"

ತೊಳೆದಿರುತ್ತೇನೆ. ಆಮೇಲೆ ನಾನು ಅವನ ಭುಜದ ಬಗ್ಗೆ ಕೇಳುತ್ತೇನೆ. ಈಗೀಗ ಉತ್ತರ ಹೇಳುತ್ತಾನೆ.