ತತ್ವಶಾಸ್ತ್ರದ ಕ್ಲಾಸಿನಿಂದ ಬಂದ ಸರ್ಕ್ಯೂಟು

ಮೊನ್ನೆ ಭಾನುವಾರ ಚಿಕ್ಕಪ್ಪನ ಮಗ ಹಾಸ್ಟೆಲ್ಲಿನಿಂದ ಫೋನ್ ಮಾಡಿದ್ದ. ಎಲೆಕ್ಟ್ರಾನಿಕ್ಸ್, ಎರಡನೇ ವರ್ಷ. "ಅಣ್ಣಾ, ನಮ್ಮ ಕಾಲೇಜಲ್ಲಿ ಬೇರೆ ವಿಭಾಗದ ನಾಲ್ಕೈದು ಪೇಪರ್ ಓದಿದ್ರೆ ಮೈನರ್ ಅಂತ ಕೊಡ್ತಾರೆ. ನಂಗೆ ಅರ್ಥಶಾಸ್ತ್ರ ತಗೊಳ್ಳೋ ಆಸೆ. ಅದ್ರಿಂದ ಏನುಪಯೋಗ ಅಂತ ಅಪ್ಪ ಕೇಳ್ತಿದಾರೆ. ನೀನೇನಂತೀಯ?" ಅಂದ.

"ಮೊದ್ಲು ಬ್ಯಾಕ್‌ಲಾಗ್ ಇಲ್ಲದ ಹಾಗೆ ನೋಡ್ಕೊ ಮಾರಾಯ" ಅಂದುಬಿಟ್ಟೆ. ಫೋನಿಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಾನು ಅನ್ನ ತಿನ್ನುತ್ತಿರುವ ಈ ಕಸುಬಿನ ಬುಡದಲ್ಲೇ ಇಂಥದೊಂದು 'ಸಂಬಂಧವಿಲ್ಲದ' ಪಾಠ ಇದೆಯಲ್ಲ ಅಂತ ನೆನಪಾಯಿತು.

ಕ್ಲಾಡ್ ಶಾನನ್ ಹುಟ್ಟಿದ್ದು 1916ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. 1932ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿದ. ಎಲೆಕ್ಟ್ರಿಕಲ್ ಎಂಜಿನಿಯರಿಂಗೋ ಗಣಿತವೋ ಎಂದು ತೀರ್ಮಾನಿಸಲಾಗದೆ ಎರಡನ್ನೂ ಓದಿ, 1936ರಲ್ಲಿ ಎರಡು ಪದವಿ ಪಡೆದ. ಅವೆರಡೇನೋ ಒಂದಕ್ಕೊಂದು ನೆಂಟರೇ ಬಿಡಿ. ಆದರೆ ಅವನು ತತ್ವಶಾಸ್ತ್ರದ ಒಂದು ಪಾಠಕ್ಕೂ ಹೋಗಿದ್ದ. ಅಲ್ಲಿ ಅವನಿಗೆ ಪರಿಚಯವಾದದ್ದು ಜಾರ್ಜ್ ಬೂಲ್‌ನ ತರ್ಕ. ಬೂಲ್ ಇದರ ಬಗ್ಗೆ ಬರೆದದ್ದು 1847 ಮತ್ತು 1854ರಲ್ಲಿ. ಸರಿ-ತಪ್ಪುಗಳನ್ನು 1 ಮತ್ತು 0 ಮಾಡಿಕೊಂಡು, ಮನುಷ್ಯನ ಯೋಚನೆಯನ್ನೇ ಬೀಜಗಣಿತದ ಹಾಗೆ ಬಿಡಿಸುವ ಸಾಹಸ ಅದು. ತಂತಿಗೂ ಸ್ವಿಚ್ಚಿಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ?

ಪದವಿ ಮುಗಿಸಿದ ಶಾನನ್ ಎಂಐಟಿಯಲ್ಲಿ ಕೆಲಸಕ್ಕೆ ಸೇರಿದ. ವೆನವರ್ ಬುಷ್ ಅವರ 'ಡಿಫರೆನ್ಶಿಯಲ್ ಅನಲೈಸರ್' ಎಂಬ ದೊಡ್ಡ ಯಂತ್ರವನ್ನು ನೋಡಿಕೊಳ್ಳುವ ಕೆಲಸ. ಗಿಯರು, ಸರಳುಗಳು ತಿರುಗಿ ತಿರುಗಿ ಸಮೀಕರಣ ಬಿಡಿಸುವ ಯಂತ್ರ ಅದು. ಅದನ್ನು ನಿಯಂತ್ರಿಸುತ್ತಿದ್ದದ್ದು ಸುಮಾರು ನೂರು ರಿಲೇಗಳ ಒಂದು ಸರ್ಕ್ಯೂಟು. ರಿಲೇ ಅಂದರೆ ಕರೆಂಟು ಹರಿದಾಗ ತಾನೇ ತೆರೆಯುವ ಅಥವಾ ಮುಚ್ಚುವ ಸ್ವಿಚ್ಚು. ಆಗೆಲ್ಲ ಇಂಥ ಸರ್ಕ್ಯೂಟುಗಳನ್ನು ಹೆಚ್ಚಾಗಿ ಅನುಭವದ ಮೇಲೆ, ಜಾಣತನದ ಮೇಲೆ ಜೋಡಿಸುತ್ತಿದ್ದರು.

ಶಾನನ್‌ಗೆ ಹೊಳೆದದ್ದು ಇಷ್ಟು. ಎರಡು ಸ್ವಿಚ್ಚು ಒಂದರ ಹಿಂದೆ ಒಂದು ಇದ್ದರೆ, ಇದೂ 'ಮತ್ತು' ಅದೂ ಮುಚ್ಚಿದಾಗ ಮಾತ್ರ ಕರೆಂಟು ಹರಿಯುತ್ತದೆ. ಅಕ್ಕಪಕ್ಕ ಇದ್ದರೆ, ಇದು 'ಅಥವಾ' ಅದು, ಯಾವುದಾದರೊಂದು ಸಾಕು. ಅರೆ, ಇದು ಬೂಲ್‌ನ ಲೆಕ್ಕವೇ ಅಲ್ಲವೇ! ಇದನ್ನೇ 1937ರಲ್ಲಿ ಮಾಸ್ಟರ್ಸ್ ಪ್ರಬಂಧವಾಗಿ ಬರೆದ. 1938ರಲ್ಲಿ ಅಚ್ಚಾಯಿತು. ಸರ್ಕ್ಯೂಟನ್ನು ಕಾಗದದ ಮೇಲೆ ಸಮೀಕರಣವಾಗಿ ಬರೆದು, ಸುಲಭೀಕರಿಸಿ, ಬೇಡದ ರಿಲೇಗಳನ್ನು ಕಿತ್ತುಹಾಕಬಹುದು ಎಂದು ತೋರಿಸಿದ. ಬೈನರಿ ಸಂಖ್ಯೆಗಳನ್ನು ಕೂಡುವ ಸರ್ಕ್ಯೂಟಿನ ವಿನ್ಯಾಸವೂ ಅದರಲ್ಲಿತ್ತು. ಜಪಾನಿನ ಅಕಿರಾ ನಕಾಶಿಮಾ, ಸೋವಿಯತ್ ರಷ್ಯಾದ ವಿಕ್ಟರ್ ಶೆಸ್ತಕೋವ್ ಕೂಡ ಅದೇ ದಶಕದಲ್ಲಿ ಇದೇ ದಾರಿಯಲ್ಲಿದ್ದರು. ಶಾನನ್ ಮಾತ್ರ ಮುಂದೆ ಯಾರಾದರೂ ಹೊಗಳಿದರೆ, ಎರಡೂ ವಿಷಯ ಗೊತ್ತಿದ್ದವರು ಆಗ ಬೇರೆ ಯಾರೂ ಇರಲಿಲ್ಲ, ಅಷ್ಟೇ ಎಂಬರ್ಥದಲ್ಲಿ ಹೇಳುತ್ತಿದ್ದ.

ನಾವೆಲ್ಲ ಮೂರನೇ ಸೆಮಿಸ್ಟರಿನಲ್ಲಿ ಲಾಜಿಕ್ ಡಿಸೈನ್ ಅಂತ ಉರು ಹೊಡೆದದ್ದು ಇದನ್ನೇ! ಅದು ತತ್ವಶಾಸ್ತ್ರದ ಕ್ಲಾಸಿನಿಂದ ಬಂದದ್ದು ಅಂತ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚಿಕ್ಕಪ್ಪನಿಗೆ ಒಳ್ಳೇ ಉತ್ತರ ಸಿಕ್ಕಿಬಿಡುತ್ತಿತ್ತು. "ನೋಡಿ, ಬೇರೆ ವಿಷಯ ಓದಿದರೆ ಲಾಭ ಇದೆ." ಆದರೆ ಮುಂದಿನ ಅಧ್ಯಾಯವೂ ಇದೆ.

ಬುಷ್ ಸಲಹೆಯಂತೆ ಶಾನನ್ ಮುಂದೆ ಕೈಹಾಕಿದ್ದು ತಳಿವಿಜ್ಞಾನಕ್ಕೆ! ಅದರ ಗಂಧಗಾಳಿ ಇಲ್ಲದವನು ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿಗೆ ಹೋಗಿ ಕಲಿತ. ತಳಿಗುಣಗಳಿಗೂ ಒಂದು ಬೀಜಗಣಿತ ಕಟ್ಟಿ, 1940ರಲ್ಲಿ ಪಿಎಚ್‌ಡಿ ಪಡೆದ. ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಆ ಪ್ರಬಂಧವನ್ನು ಅವನು ಪ್ರಕಟಿಸಲೂ ಇಲ್ಲ. ಅದು ಅಚ್ಚಾದದ್ದು 1993ರಲ್ಲಿ, ಅವನ ಸಮಗ್ರ ಲೇಖನಗಳ ಸಂಪುಟದಲ್ಲಿ. ಅಷ್ಟರಲ್ಲಿ ಆ ಕ್ಷೇತ್ರ ಎಲ್ಲೋ ಮುಂದೆ ಹೋಗಿತ್ತು.

ಅದೇ ಮನುಷ್ಯ, ಅದೇ ಬುದ್ಧಿ, ಅದೇ ಕುತೂಹಲ. ಒಂದು ಹೊರಗಿನ ವಿಷಯ ಜಗತ್ತನ್ನೇ ಬದಲಿಸಿತು, ಇನ್ನೊಂದು ಕಪಾಟು ಸೇರಿತು. "ಇದರಿಂದ ಏನುಪಯೋಗ?" ಅಂತ 1936ರಲ್ಲಿ ಶಾನನ್ನನ್ನು ಕೇಳಿದ್ದರೆ ಅವನಿಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಅದಕ್ಕೇ ನನಗನಿಸುತ್ತೆ, ಮೈನರ್ ತಗೊಳ್ಳಬೇಕೋ ಬೇಡವೋ ಅನ್ನೋದನ್ನು ಉಪಯೋಗದ ತಕ್ಕಡಿಯಲ್ಲಿ ತೂಗಲಿಕ್ಕಾಗುವುದಿಲ್ಲ. ತೂಗಬಹುದಾದದ್ದು ಎರಡೇ: ಇಷ್ಟ ಇದೆಯಾ, ಹೊತ್ತು ಇದೆಯಾ. ಹೊತ್ತಿನ ಮಾತು ಸಣ್ಣದಲ್ಲ. ಗಣಿತ ಮತ್ತು ಎಂಜಿನಿಯರಿಂಗಿಗೆ ಎಷ್ಟೋ ಪಾಠಗಳು ಒಂದೇ, ಒಂದು ಓದಿದರೆ ಎರಡಕ್ಕೂ ಆಯಿತು. ಲ್ಯಾಬ್ ಮುಗಿಸಿ ಸಂಜೆ ಅರ್ಥಶಾಸ್ತ್ರಕ್ಕೆ ಓಡುವ ಹುಡುಗನಿಗೆ ಆ ಅನುಕೂಲ ಇಲ್ಲ.

ನಿನ್ನೆ ರಾತ್ರಿ ನಾನೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಈ ಸೆಮಿಸ್ಟರ್ ಒಂದೇ ಒಂದು ಪೇಪರ್ ತಗೋ. ಪುಸ್ತಕ ಕೆಳಗಿಡೋಕೆ ಮನಸ್ಸು ಬರದೇ ಇದ್ರೆ ಮುಂದುವರಿಸು. ಚಿಕ್ಕಪ್ಪನ ಹತ್ರ ನಾನು ಮಾತಾಡ್ತೀನಿ" ಅಂದೆ.

"ಉಪಯೋಗ ಏನು ಅಂತ ಕೇಳಿದ್ರೆ ಏನು ಹೇಳ್ತೀಯ ಅಣ್ಣಾ?" ಅಂದ.

"ಗೊತ್ತಿಲ್ಲ ಅಂತ ಹೇಳ್ತೀನಿ" ಅಂದೆ. ಬೈಸಿಕೊಳ್ಳುವುದಂತೂ ಗ್ಯಾರಂಟಿ :-)