ಗೊರಕೆ ಹೊಡೆಯೋ ಮಗು, ಉಬ್ಬಿದ ಹಲ್ಲು

ನಾನು ಬೆಳೆದ ವರವು ಕಾವಲ್ ಸುತ್ತಮುತ್ತ ಗೊರಕೆ ಹೊಡೆಯೋ ಮಗುವನ್ನು ಯಾರೂ ಎಬ್ಬಿಸ್ತಿರಲಿಲ್ಲ. ‘ಒಳ್ಳೆ ನಿದ್ದೆ ಬಂದೈತೆ, ಬಿಡು’ ಅನ್ನೋರು. ಉಬ್ಬುಹಲ್ಲಿನ ಚಿಂತೆ ಶುರುವಾಗ್ತಿದ್ದದ್ದು ಮದುವೆ ವಯಸ್ಸಿಗೆ. ಹಲ್ಲಿಗೂ ನಿದ್ದೆಗೂ ಇರೋ ನಂಟು ವೈದ್ಯರಿಗೂ ಒಂದೇ ಸಲಕ್ಕೆ ಹೊಳೆದದ್ದಲ್ಲ.

ಮೊದಲು ಗಮನಿಸಿದವರಲ್ಲಿ ಒಬ್ಬ ವೈದ್ಯನೇ ಅಲ್ಲ, ಅಮೆರಿಕದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್. ಬಾಯಿ ತೆರೆದು ಮಲಗೋದರಿಂದ ಹಲ್ಲು ಕೆಡುತ್ತೆ ಅಂತ 1862ರಲ್ಲಿ ಪುಸ್ತಕವನ್ನೇ ಬರೆದ. 1889ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಿಲ್, ‘ದಡ್ಡ’ ಅನ್ನಿಸಿಕೊಂಡ ಕೆಲವು ಮಕ್ಕಳ ನಿಜವಾದ ತೊಂದರೆ ಮೂಗು-ಗಂಟಲಿನಲ್ಲಿದೆ ಎಂದ. 1923ರಲ್ಲಿ ಫ್ರಾನ್ಸಿನ ಪಿಯರ್ ರೋಬಿನ್, ಕೆಳದವಡೆ ಚಿಕ್ಕದಾದ ಕೂಸುಗಳಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರು ಕಟ್ಟೋದನ್ನು ವಿವರಿಸಿದ. ಕೊನೆಗೆ 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಯೆಮಿನೋ ತಂಡ ಎಂಟು ಮಕ್ಕಳಲ್ಲಿ ನಿದ್ದೆಯ ನಡುವೆ ಉಸಿರು ಮತ್ತೆ ಮತ್ತೆ ನಿಲ್ಲೋದನ್ನು ದಾಖಲಿಸಿತು.

ಈ ನಂಟು ಎರಡೂ ಕಡೆಯಿಂದ ಕೆಲಸ ಮಾಡುತ್ತೆ. ಅಡೆನಾಯ್ಡ್ ಊದಿ ಮೂಗು ಕಟ್ಟಿದರೆ ಮಗು ಬಾಯಲ್ಲಿ ಉಸಿರಾಡುತ್ತೆ. ಅಂಗುಳ ಕಿರಿದಾಗಿ ಹಲ್ಲುಗಳು ಒಂದರ ಮೇಲೊಂದು ಬರಬಹುದು. ಕಿರಿದಾದ ಅಂಗುಳ, ಹಿಂದೆ ಸರಿದ ದವಡೆ ಮತ್ತೆ ಉಸಿರಿನ ದಾರಿಯನ್ನೇ ಇಕ್ಕಟ್ಟು ಮಾಡಬಹುದು.

ಓರೆ ಹಲ್ಲಿದ್ದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಆದರೆ ದಿನಾ ಗೊರಕೆ, ನಡುನಡುವೆ ಉಸಿರು ನಿಂತಂತಾಗೋದು, ಹಗಲಲ್ಲಿ ತೂಕಡಿಕೆ ಅಥವಾ ಚಡಪಡಿಕೆ ಇದ್ದರೆ ದಂತವೈದ್ಯರ ಜೊತೆ ಇಎನ್‌ಟಿ ವೈದ್ಯರಿಗೂ ತೋರಿಸಿ. ಓದಲ್ಲಿ ಹಿಂದೆ ಅಂತ ಮಗುವನ್ನು ಬೈಯೋ ಮುಂಚೆ, ಒಂದು ರಾತ್ರಿ ಪಕ್ಕದಲ್ಲಿ ಕೂತು ಅದರ ಉಸಿರು ಕೇಳಿಸಿಕೊಳ್ಳಿ.