ಎರಡು ಗಂಡಿಗಳ ನಡುವಿನ ಸಂಡೂರು

ದರೋಜಿ ಕೆರೆ ತುಂಬಬೇಕಾದರೆ ಸಂಡೂರಿನ ಬೆಟ್ಟಗಳಲ್ಲಿ ಮಳೆಯಾಗಬೇಕು. ನಾರಿಹಳ್ಳವು ಓಬಳಗಂಡಿಯಲ್ಲಿ ಬೆಟ್ಟಸಾಲನ್ನು ಸೀಳಿ ಕಣಿವೆಗೆ ಬರುತ್ತದೆ; ಭೀಮಗಂಡಿಯಲ್ಲಿ ಹೊರಬಿದ್ದು ದರೋಜಿಯ ಹಾದಿ ಹಿಡಿಯುತ್ತದೆ. ಇವೆರಡರ ನಡುವೆ ಸಂಡೂರು ಕೋಟೆಯೊಳಗಿನ ಊರಿನಂತೆ ಅಡಗಿದೆ.

ಇಂಥ ಊರಿನ ಮೇಲೆ ಅರಸರ ಕಣ್ಣು ಬೀಳದೇ ಇದ್ದೀತೆ? ಹದಿನೆಂಟನೆಯ ಶತಮಾನದಲ್ಲಿ ಘೋರ್ಪಡೆ ಮನೆತನದ ಸಿದ್ದೋಜಿರಾವ್ ಇದನ್ನು ಬೇಡ ಪಾಳೆಯಗಾರರಿಂದ ವಶಪಡಿಸಿಕೊಂಡ. ಮುಂದೆ ಹೈದರಾಲಿ ಗೆದ್ದು ಕೃಷ್ಣಾನಗರದ ಕೋಟೆ ಆರಂಭಿಸಿದ, ಟಿಪ್ಪು ಮುಗಿಸಿದ. ಮತ್ತೆ ಘೋರ್ಪಡೆಯವರೇ ಬಂದರು. ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ, 1953ರಲ್ಲಿ ಮೈಸೂರಿಗೂ ಸೇರಿತು. ಹೀಗಾಗಿ ಸಂಡೂರಿನ ಸಂತೆಯಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತು ಕೇಳಿದರೆ ಅಚ್ಚರಿಪಡಬೇಕಿಲ್ಲ. ಲಂಬಾಣಿ ಮಹಿಳೆಯರ ಕನ್ನಡಿ ಕಸೂತಿಯಂತೂ ಊರಿನ ಹೆಸರನ್ನು ಹೊರದೇಶಕ್ಕೂ ಒಯ್ದಿದೆ.

ಚಿಕ್ಕ ಸಂಸ್ಥಾನವಾದರೂ ಮನಸ್ಸು ಚಿಕ್ಕದಿರಲಿಲ್ಲ. ಇಲ್ಲಿನ ಕುಮಾರಸ್ವಾಮಿ ದೇಗುಲದ ಬಾಗಿಲು 1932ರಲ್ಲಿಯೇ ದಲಿತರಿಗೆ ತೆರೆಯಿತು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಬಂದದ್ದು 1936ರಲ್ಲಿ! ನಮ್ಮ ಪಠ್ಯಪುಸ್ತಕಗಳು ಅದನ್ನು ನೆನೆಯುವಷ್ಟು ಇದನ್ನು ನೆನೆಯುವುದಿಲ್ಲ.

ಶತಮಾನಗಳ ಕಾಲ ಊರನ್ನು ಕಾದ ಬೆಟ್ಟಗಳ ಒಡಲಲ್ಲೇ ಮ್ಯಾಂಗನೀಸ್, ಕಬ್ಬಿಣದ ಅದಿರು ಇತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ಅದಿರಿನ ಲಾರಿಗಳು ರಸ್ತೆಯನ್ನೂ ಎಲೆಗಳನ್ನೂ ಕೆಂಪಾಗಿಸಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು; 2013ರಲ್ಲಿ ಅಕ್ರಮವೆಸಗಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ಷರತ್ತು ವಿಧಿಸಿತು. ಅಗೆದ ಬೆಟ್ಟದ ಸಡಿಲ ಮಣ್ಣು ಮಾತ್ರ ಷರತ್ತು ಕೇಳುವುದಿಲ್ಲ. ಮಳೆ ಬಂದಾಗ ಅದು ಹಳ್ಳಕ್ಕಿಳಿಯುತ್ತದೆ. ಹಳ್ಳದ ದಾರಿ ದರೋಜಿಯ ಕಡೆಗೇ.